ಖಾಲಿ ಎಂಬ ಖಾನೆ

ಬೀದರಿನ ಚೌಬಾರದ ಹಿಂದಿನ ಓಣಿ. ಕಾಮಶೆಟ್ಟಿ ಕಿರಾಣಿ.
ಶಟರ್ ಅರ್ಧ ಇಳಿಸಿದ ಮಧ್ಯಾಹ್ನ
ಚಹಾಪುಡಿ ಕಂಪನಿಯ ಹಳೇ ಕ್ಯಾಲೆಂಡರು ಬೋರಲು ಹಾಕಿ
ಪೆನ್ಸಿಲಿನಿಂದ ಚೌಕ ಬರೆಯುತ್ತೇನೆ.
ಇದು ಗಿರಾಕಿ. ಇದು ಮೊಬೈಲು. ಇದು ಆರ್ಡರು.
ಇದು ನೀವು, ಎನ್ನುತ್ತೇನೆ ವೈಜಿನಾಥಪ್ಪನವರಿಗೆ.
"ನಾ ಇಷ್ಟು ಸಣ್ಣವ ಇದ್ದೀನೇನ್ರೀ ಮೇಡಂ?"
ಅಳಿಸಿ, ದೊಡ್ಡದು ಬರೆಯುತ್ತೇನೆ.

ಮೊದಲು ಹೆಸರಿನ ತಕರಾರು.
ಒಂದೇ ಡಬ್ಬಿಯ ಜೀರಗಿಗೆ
ತಾಲೀಮಿನ ಕಡೆಯವರು ಜೀರಾ ಅನ್ನುತ್ತಾರೆ,
ಭಾಲ್ಕಿ ಬಸ್ಸಿಳಿದು ಬಂದವರು ಜಿರೆ,
ಜಹೀರಾಬಾದಿನಿಂದ ಬಂದ ಸೊಸೆ ಜೀಲಕರ್ರ.
ನರಸಾಬಾಯಿ ಬೆರಳು ಚಾಚಿ, "ಅದು".
"ಅದು" ಅಂತ ಹುಡುಕಿದರೆ ಪರದೆ ಏನು ತೋರಿಸಬೇಕು?
ಬರೆದು ಗೋಲ ಹಾಕುತ್ತೇನೆ.

ಆಮೇಲೆ ಅಳತೆ. ಅರ್ಧ ಕಿಲೋ, ಪಾವ್ ಕಿಲೋ, ಸರಿ.
ಹತ್ತು ರೂಪಾಯಿ ಎಣ್ಣಿ? ಅದನ್ನೂ ಮಾಡಬಹುದು.
"ನಾಕು ಮಂದಿ ಬೀಗರು ಬಂದಾರ, ಅಷ್ಟು ಸಕ್ರಿ",
ಇದಕ್ಕೆ ಗುಂಡಿ ಎಲ್ಲಿಡಲಿ?
ಎಳ್ಳಮಾಸಿಗೆ ಇನ್ನು ಎಂಟು ದಿನ.
ನಾಳೆಯಿಂದ ಓಣಿಗೆ ಓಣಿಯೇ ಬಂದು
"ಭಜ್ಜಿ ಸಾಮಾನು" ಅಂತ ಎರಡೇ ಶಬ್ದ ಉದುರಿಸುತ್ತದೆ.
ಮೌಲಾಲಿ ಮರುಮಾತು ಕೇಳುವುದಿಲ್ಲ, ಕಟ್ಟುತ್ತಾನೆ:
ಕಡ್ಲಿ ಹಿಟ್ಟು, ಹುಣಸಿ, ಶೇಂಗಾ, ಎಳ್ಳು, ಸಜ್ಜಿ ಹಿಟ್ಟು,
ಬಿರಾದಾರರ ಮನಿಗೆ ಖಾರ ಕಮ್ಮಿ,
ಅವರ ಅಜ್ಜಿಗೆ ಹೊಟ್ಟಿಹುಣ್ಣು.
ಅಜ್ಜಿಯ ಹೊಟ್ಟಿಹುಣ್ಣಿಗೆ ಒಂದು ಚೌಕ ಬರೆದು
ಕೊನೆಗೆ ಹೊಡೆದುಹಾಕಿದೆ.

ಉದ್ರಿ ಖಾತೆಗೂ ಚೌಕ. ಬಾಕಿ ಇದ್ದವರ ಹೆಸರು ಕೆಂಪು.
ವೈಜಿನಾಥಪ್ಪ ಚಷ್ಮಾ ತೆಗೆದು ಒರೆಸಿಕೊಂಡರು.
"ಕೆಂಪು ಬ್ಯಾಡ್ರೀ. ಕೆಂಪು ಕಂಡ್ರ
ಮಂದಿ ಈ ಓಣಿ ಬಿಟ್ಟು ಆ ಓಣಿಲಿಂದ ಹೋಗ್ತಾರ.
ರೊಕ್ಕನೂ ಬರಲ್ಲ, ಗಿರಾಕಿನೂ ಬರಲ್ಲ."
ಮತ್ಯಾವ ಬಣ್ಣ?
ಬಹಳ ಹೊತ್ತು ಸೂರು ನೋಡಿ,
"ಬೆಲ್ಲದ್ದು ಯಾವ ಬಣ್ಣ ಇರ್ತದ, ಅದು."

ಕಡೆಯ ಚೌಕ: ಮಾಲು ತೀರಿದರೆ ಏನು ಬರೆಯಬೇಕು?
"ಖಾಲಿ" ಅಂತ ಬಾಯಿಬಿಟ್ಟದ್ದೇ ತಡ
ಗೋಣಿಚೀಲಗಳ ಆಚೆಯಿಂದ ಕಾಶಮ್ಮ, ಅವರ ತಾಯಿ:
"ಅಂಗಡ್ಯಾಗ ಹಂಗ ಅನಬಾರ್ದವ್ವ.
ಹೆಚ್ಚಾಗೇದ ಅನ್ನು."
ಸಕ್ರಿ ಹೆಚ್ಚಾಗೇದ ಅಂದ್ರ ಮಂದಿ ಎರಡು ಕಿಲೋ ಕೇಳ್ತಾರಮ್ಮ!
"ಕೇಳ್ಲಿ. ಕೇಳ್ಲಿಕ್ಕೇ ಅಲ್ಲೇನು ಅಂಗಡಿ?"

ನಗು ಮುಗಿದ ಮೇಲೆ ಮೌಲಾಲಿ,
ಅಷ್ಟೊತ್ತೂ ಸುತಳಿ ಸುತ್ತುತ್ತ ಕೂತವ,
"ಖಾಲಿ ಆಗಂಗೇ ಇಲ್ಲಲ್ರೀ ಮೇಡಂ" ಅಂದ.
ಹೋದ ರಂಜಾನಿನಲ್ಲಿ ಶಾವಿಗಿ ತೀರಿದಾಗ
ಎದುರಿನ ಝರೆಪ್ಪನ ಅಂಗಡಿಯ ಹಿಂಬಾಗಿಲಿನಿಂದ
ಆರು ಪಾಕೀಟು ಬಂದಿದ್ದವಂತೆ.
ಅವರ ಬ್ಯಾಳಿ ತೀರಿದ ದಿನ ಇಲ್ಲಿಯದು ಹೋಗಿತ್ತಂತೆ.
ಯಾವ ವಹಿಯಲ್ಲೂ ಇಲ್ಲ.
ವೈಜಿನಾಥಪ್ಪನವರಿಗೂ ಗೊತ್ತಿಲ್ಲ,
ಝರೆಪ್ಪನ ಜೋಡಿ ಮಾತು ಬಿಟ್ಟು ಒಂಬತ್ತು ವರ್ಷ,
ಒಂದು ಮೋರಿಯ ಕಲ್ಲಿನ ಸಲುವಾಗಿ.

"ಎಷ್ಟು ಸಲ?"
"ಎಣಿಸಿಲ್ರೀ ಸಾವ್ಕಾರ.
ಆ ಅಂಗಡಿ ಹುಡುಗ ನಮ್ಮ ಚಾಚಾನ ಮಗ."

ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಚೌಕದಿಂದ ಒಂದು ಬಾಣ ಎಳೆದೆ.
ಕ್ಯಾಲೆಂಡರಿನಲ್ಲಿ ಜಾಗ ಸಾಲದೆ
ಗೆರೆ ಅಂಚು ದಾಟಿ, ಗಲ್ಲಾದ ಹಲಗೆ ಮೇಲೆ,
ಬೀದಿಯ ಕಡೆಗೆ ನಾಕು ಬೆರಳು ಹೋಯಿತು.
ವೈಜಿನಾಥಪ್ಪ ಅರಿವೆ ಕೈಗೆತ್ತಿಕೊಂಡರು.
ಒರೆಸಲಿಲ್ಲ.
"ಅಲ್ಲಿ ಹೆಸರು ಬರೀಬ್ಯಾಡ್ರೀ" ಅಂದರು,
"ಬರೇ ಬಾಣ ಇರ್ಲಿ."

ನಾಕಕ್ಕೆ ಶಟರ್ ಮೇಲೇರಿತು.
ಹೊರಗೆ ನರಸಾಬಾಯಿ,
ಆಗಲೇ ಬೆರಳು ಚಾಚಿ.