ಎರಡು ಜಿಬಿಯ ಸಂಸಾರ, ಉಮದಿ

ಝೆರಾಕ್ಸ್ ಅಂಗಡಿಯ ಹಳೇ ಪೆಟ್ಟಿಗೆ,
ಎದ್ದು ಕೂಡ್ರಾಕ ಒಂಬತ್ತು ಮಿನಿಟು.
ಅಷ್ಟರಾಗ ಜತ್ತದ ಬಸ್ಸು ಬಂದು ಹೋಗತದ.

ದಸ್ತಗೀರ ಪಟ್ಟಿ ತೆಗೆದು ನೋಡಿದ:
ಹಿಂದಿನ ಖೋಲ್ಯಾಗ ಅರವತ್ತೆಂಟು ಮಂದಿ,
ಕರೀದೇ ಬಂದವರು, ಉಂಡು ಮಲಗಿದವರು.
ಹೋದ ವರ್ಷ ಮಾರಿದ ಪ್ರಿಂಟರಿನ ಕಾವಲುಗಾರ
ಇನ್ನೂ ಬಾಗಲದಾಗ ಕುಂತಾನ.

ಒಬ್ಬೊಬ್ಬರನ್ನ ಎಬ್ಬಿಸಿ ಕಳಿಸಿದ.
ನೆರಳು, ಮಿಂಚು, ಜಾರಿ ತೆರೆಯೋ ಕಿಟಕಿ, ಎಲ್ಲ ಬಂದ್.
ಡಿಸ್ಕಿನ ಮೂಲ್ಯಾಗ ಸ್ವಾಪಿಗೆ ಒಂದು ಚಾಪಿ ಹಾಸಿದ.

ಕಡೀಕ ಕನ್ನಡದ ಕೀಲಿಮಣೆ.
"ವಾರಕ್ಕ ಒಂದು ಅರ್ಜಿ ಬರತದ, ಬಾಕಿ ಎಲ್ಲ ಮರಾಠಿ. ತೆಗೀಲೇನು?"
ನಾ ಕೇಳಿದೆ: ಎಷ್ಟು ತಿಂತದ?
"ನಾಕು ಎಂಬಿ."

ಇರಲಿ ಬಿಡು.
ನೀಲಗಂಗವ್ವ ತಲಾಠಿಗೆ ಬರೆಸೋ ಬೈಗುಳ
ಮರಾಠ್ಯಾಗ ಇಳಿಯೂದಿಲ್ಲ.

ಮಷೀನು ಎದ್ದಿತು.
ಬಸ್ಸು ಇನ್ನೂ
ಹಳ್ಳದ ಆಚೀಕ ಧೂಳು.