ಫಲಾನುಭವಿಗಳ ಸಂಖ್ಯೆ

ನಮೂನೆಯ ಒಂಬತ್ತನೇ ಕಲಂ ಕೇಳುತ್ತದೆ:
ಫಲಾನುಭವಿಗಳ ಸಂಖ್ಯೆ ಎಷ್ಟು?
ಮಡಿಕೇರಿ ನಗರಸಭೆಯ ನೀಲಿ ಮೊಹರಿನ ಕೆಳಗೆ
ಹೆಬ್ಬೆರಳ ಉಗುರಿನಷ್ಟು ಜಾಗ.
ನಾಳೆ ಹನ್ನೊಂದಕ್ಕೆ ಕೊಡಬೇಕು.

ನಮ್ಮ ಕೇರಿ ಅಂದರೆ ನೂರಾ ನಾಲ್ಕು ಮೆಟ್ಟಿಲು,
ಅವಕ್ಕೆ ಅಂಟಿಕೊಂಡ ಮನೆಗಳು.
ನಾನು ಕಾರ್ಯದರ್ಶಿ.
ಅಕ್ಷರ ದುಂಡಗಿದೆ ಅನ್ನುವುದೊಂದೇ ಅರ್ಹತೆ.

ನೀವೇ ಕೂತು ತೀರ್ಮಾನಿಸಿ, ದುಡ್ಡು ನಾವು ಕೊಡುತ್ತೇವೆ
ಅಂದಿತ್ತು ಪುನಶ್ಚೇತನ ಯೋಜನೆಯ ಕಾಗದ.
ಎರಡು ಲಕ್ಷ ನಲವತ್ತು ಸಾವಿರ.
ಅಂಗನವಾಡಿಯ ಕುಳ್ಳ ಕುರ್ಚಿಗಳಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತೆವು.
ಆ ಭಂಗಿಯಲ್ಲಿ ಗಂಭೀರವಾಗಿ ಜಗಳ ಆಡುವುದು ಕಷ್ಟ.
ಆದರೂ ಆಡಿದೆವು, ಮೂರು ಭಾನುವಾರ.

ದೇಚಕ್ಕನಿಗೆ ತಡೆಗೋಡೆ ಬೇಕು.
ಆ ಆಗಸ್ಟಿನ ರಾತ್ರಿ ಮಣ್ಣು ಜಾರಿದ ಸದ್ದು
ಅವಳ ಎಡಗಿವಿಯಲ್ಲಿ ಇನ್ನೂ ಇದೆ.
ಎಂಜಿನಿಯರ್ ಲೆಕ್ಕ ಹಾಕಿದ: ಈ ದುಡ್ಡಿಗೆ ಏಳಡಿ ಗೋಡೆ.
ಏಳಡಿ ಅಂದದ್ದೇ ದೇಚಕ್ಕ ತಾನೇ ನಕ್ಕಳು,
ಗುಡ್ಡಕ್ಕೆ ಕರವಸ್ತ್ರ ಕಟ್ಟಿದ ಹಾಗೆ, ಬಿಡಿ.
ವಾರ್ಡ್ ಸದಸ್ಯರ ಕಡೆಯವನೊಬ್ಬ ಕಮಾನು ಅಂದ,
ಹೆಸರು ಕೆತ್ತಿಸಬಹುದು ಅಂದ.

ಕಮಾನು ಹಿಡ್ಕೊಂಡು ಇಳಿಯಕ್ಕಾಗ್ತದಾ?

ಕೇಳಿದವಳು ಸೆಲ್ವಿ, ಅದುವರೆಗೆ ತುಟಿ ಬಿಚ್ಚದವಳು,
ನಾಲ್ಕು ಮನೆಯ ಪಾತ್ರೆಗಾಗಿ
ದಿನಕ್ಕೆ ಆರು ಸಲ ಹತ್ತಿಳಿಯುವವಳು.
ನಡಾವಳಿಯಲ್ಲಿ ಬರೆದೆ: ಸರ್ವಾನುಮತದಿಂದ, ಹಿಡಿಕಂಬಿ.

ಆಮೇಲೆ ಎತ್ತರದ ಜಗಳ.
ವೆಲ್ಡರ್ ಹಂಸ ಟೇಪು ಹಿಡಿದು ನಿಂತ,
ಎಲ್ಲ ಕಡೆ ಮೂರಡಿ ಇರ್ತದೆ, ಅಂದ.
ಎಲ್ಲ ಕಡೆ ಯಾರ ಕೈ? ಅಂದಳು ದೇಚಕ್ಕ.
ಅವಳನ್ನೇ ನಿಲ್ಲಿಸಿ ಅಳೆದೆವು, ಎರಡೂವರೆ ಬಂತು.
ಮೂರನೇ ಕ್ಲಾಸಿನ ಶಮೀಮಳಿಗೆ ಎರಡಕ್ಕೂ ಕಮ್ಮಿ.
ಸಿಲಿಂಡರ್ ಹೊರುವ ಬೆಳ್ಯಪ್ಪನಿಗೆ ಒಂದೇ ಕೈ ಬಿಡುವು,
ಅದೂ ಎಡದ್ದು.
ಹಾಗಾಗಿ ಕಂಬಿ ಎರಡು, ಮೇಲೊಂದು ಕೆಳಗೊಂದು,
ಹಾಗಾಗಿ ಕೊನೆಯ ಹದಿಮೂರು ಮೆಟ್ಟಿಲಿಗೆ ಪೈಪು ಸಾಲಲಿಲ್ಲ.
ಮೇಲಿನಿಂದ ಶುರುಮಾಡಿದ್ದಕ್ಕೆ
ಕೆಳಗಿನ ಮೂರು ಮನೆಯವರು ನಮ್ಮನ್ನು ಮಾತಾಡಿಸುವುದಿಲ್ಲ.
ಅದರಲ್ಲೊಂದು ನನ್ನ ತಂಗಿಯದು.

ಜೂನ್ ಬಂತು. ಪಾಚಿಯೂ ತನ್ನ ಕೆಲಸಕ್ಕೆ ಹಾಜರಾಯಿತು.
ಮಂಜು ಕವಿದ ಬೆಳಿಗ್ಗೆ ಮೆಟ್ಟಿಲೇ ಕಾಣದು.
ಹಳದಿ ಕಂಬಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಿರುತ್ತದೆ,
ಅದರ ಮೇಲೆ ಒಂದು ಕೈ, ಅದರ ಹಿಂದೆ ಒಂದು ಕೆಮ್ಮು.
ಕಂಬಿ ಮುಗಿದಲ್ಲಿ ಜನ ನಿಲ್ಲುತ್ತಾರೆ,
ಹಿಂದಿನವರು ಬರಲಿ ಅಂತ.

ಈಗ ಒಂಬತ್ತನೇ ಕಲಂ.
ಮನೆ ಮೂವತ್ತೊಂದು, ತಲೆ ನೂರಾ ಇಪ್ಪತ್ತೆಂಟು,
ಪಡಿತರ ಚೀಟಿ ನೋಡಿ ಬರೆದುಬಿಡಬಹುದು.
ಮೀಟರ್ ಓದುವ ಹುಡುಗನನ್ನು ಸೇರಿಸಲೇ?
ರಾತ್ರಿ ಹತ್ತಕ್ಕೆ ಕಂಬಿಯ ಹೆಗಲ ಮೇಲೆ ಕೈಹಾಕಿ
ತನ್ನ ಸಾಲದ ಕಥೆ ಹೇಳುತ್ತ ಇಳಿಯುವ ಪಾಸ್ಕಲನನ್ನು?

ಮತ್ತೆ ಫ್ಲೋರಿನ್ ಬಾಯಿ.
ಹೋದ ವರ್ಷ ಅರವತ್ತೊಂದನೇ ಮೆಟ್ಟಿಲಲ್ಲಿ ಜಾರಿ
ಸೊಂಟ ಮುರಿದಾಗಿನಿಂದ ಅವರು ಇಳಿದಿಲ್ಲ, ಇಳಿಯುವುದೂ ಇಲ್ಲ.
ಕಂಬಿ ಶುರುವಾಗುವುದು ಅವರ ಹೊಸ್ತಿಲ ಪಕ್ಕ.
ಕುರ್ಚಿ ಎಳೆದುಕೊಂಡು, ತಣ್ಣಗಿನ ಪೈಪಿನ ಮೇಲೆ
ಅಂಗೈ ಚಾಚಿ ಇಟ್ಟು ಕೂತಿರುತ್ತಾರೆ,
ನಾಡಿ ನೋಡುವ ಹಾಗೆ.
ಕೆಳಗೆಲ್ಲೋ ಯಾರೋ ಹಿಡಿದರೆ ಅವರಿಗೆ ಗೊತ್ತಾಗುತ್ತದಂತೆ.
ಬೆಳ್ಯಪ್ಪ, ಅನ್ನುತ್ತಾರೆ. ತುಂಬಿದ ಸಿಲಿಂಡರು.
ಸುಳ್ಳು ಅಂದುಕೊಂಡು ಬಗ್ಗಿ ನೋಡಿದೆ,
ಬೆಳ್ಯಪ್ಪನೇ.

ನಮೂನೆ ಮಡಿಲಲ್ಲಿಟ್ಟುಕೊಂಡು ಇವತ್ತು ಅವರ ಪಕ್ಕ ಕೂತೆ.
ಪೆನ್ಸಿಲ್ಲಿನಲ್ಲಿ ನೂರಾ ಇಪ್ಪತ್ತೆಂಟು ಬರೆದೆ,
ಪೆನ್ನು ತೆಗೆಯಲಿಲ್ಲ.
ಉಳಿಕೆ ಕಲಮಿನಲ್ಲಿ: ಮುನ್ನೂರ ನಲವತ್ತು ರೂಪಾಯಿ,
ಹಳದಿ ಬಣ್ಣ ಅರ್ಧ ಡಬ್ಬಿ.
ಕತ್ತಲಾಗುತ್ತಿತ್ತು. ನಾನೂ ಅಂಗೈ ಇಟ್ಟೆ,
ನನಗೆ ಬರೀ ಚಳಿ ತಾಗಿತು.
ಸೆಲ್ವಿ, ಅಂದರು ಫ್ಲೋರಿನ್ ಬಾಯಿ ಕಣ್ಣು ಮುಚ್ಚಿಕೊಂಡೇ.
ಐದನೇ ಸಲ.
ಇವತ್ತು ಯಾಕೋ ನಿಂತು ನಿಂತು ಬರ್ತಿದ್ದಾಳೆ.