ಮುಚ್ಚಳ

ಬೆಟ್ಟಕ್ಕೆ ಏನೋ ಬಡಿದ ಆ ರಾತ್ರಿ
ಅವ್ವ ಅಂದದ್ದು ಇಷ್ಟೇ: ಆಡುಗಳನ್ನು ಎಣಿಸು.
ಕತ್ತಲಲ್ಲಿ ಬೆನ್ನು ಮುಟ್ಟಿ ಮುಟ್ಟಿ ಎಣಿಸಿದೆ.
ಹನ್ನೊಂದು. ಒಂದು ಕಡಿಮೆ.
ಇಷ್ಟು ವರ್ಷ ಇಷ್ಟು ಜನ ಬಂದು ಹೋದರಲ್ಲ,
ಆ ಒಂದನ್ನು ಯಾರೂ ಕೇಳಲಿಲ್ಲ.

ನಸುಕಿನಲ್ಲಿ ಬಾಗಿಲಿಗೆ ಒಬ್ಬ ಬಂದ,
ಒಂದೇ ಕಾಲಿಗೆ ಬೂಟು.
ಗಡಿಯಾಚೆಯವರ ಭಾಷೆ. ನಮಗೆ ತಿಳಿದದ್ದು
ನೀರು ಅನ್ನುವುದೊಂದೇ, ಅದೂ ಕೈಸನ್ನೆಯಿಂದ.
ಕುಡಿದ. ಬೆಟ್ಟದ ಕಡೆ ಬೆರಳು ಮಾಡಿ
ತನ್ನ ತಲೆಯಿಂದ ಒಂದು ಮೊಳ ಮೇಲೆ
ಗಾಳಿಯಲ್ಲಿ ಅಂಗೈ ಇಟ್ಟು ತೋರಿಸಿದ:
ಅಷ್ಟೆತ್ತರದವನು, ಅಲ್ಲಿ, ಬಿದ್ದಿದ್ದಾನೆ.
ಯಾರೋ ನೆಂಟ ಇರಬೇಕು ಅಂದುಕೊಂಡೆವು.
ಸಂಜೆಯ ರೇಡಿಯೋ ಹೇಳಿತು:
ಆ ದೇಶದ ಅಧ್ಯಕ್ಷ.

ಪೊಲೀಸರು ಬಂದರು. ಮೊದಲು ಕಾಗದ ಆಯ್ದರು,
ಆಮೇಲೆ ಮನುಷ್ಯರನ್ನು.
ಇದನ್ನು ನಾನೇ ನೋಡಿದ್ದೇನೆ, ಮುಳ್ಳುಪೊದೆಯ ಹಿಂದೆ ಕೂತು;
ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಗುಡಾರದ ಮಾತು ಬೇರೆ.
ಹಿಂದಿನ ದಿನ ಓರೆಯಲ್ಲಿ ಗುಡಾರವಿತ್ತು,
ಮರುದಿನ ಮಡಚಿದ ಹುಲ್ಲು ಮಾತ್ರ ಇತ್ತು ಅಂದವನು
ಅಣ್ಣ ಮ್ಫನುಖೋನಾ.
ಹಸಿರು ಅಂದ. ದೀಪದ ಕಂಬ ಅಂದ.
ಆಮೇಲೆ ಚಿನ್ನದ ಗಣಿಗೆ ಇಳಿದವನು
ಕೆಮ್ಮು ತುಂಬಿಕೊಂಡು ಬಂದು ತೀರಿಕೊಂಡ.
ಅವನ ಕಂಬಳಿ ನನಗೆ ಬಂತು, ಗುಡಾರವೂ ಬಂತು.
ಕೇಳಿದವರಿಗೆಲ್ಲ ಹೇಳಿ ಹೇಳಿ
ಈಗ ಅದರ ಗೂಟದ ಸದ್ದೂ ನನಗೆ ಕೇಳಿಸುತ್ತದೆ.
ನೋಡಿದ್ದು ಅವನ ಕಣ್ಣೋ ನನ್ನದೋ,
ಪ್ರಮಾಣ ಮಾಡು ಅಂದರೆ
ಯಾರ ಮೇಲೆ ಆಣೆಯಿಡಲಿ?

ಮೊದಲ ಸಲ ಬಂದವರು ಸಮವಸ್ತ್ರದವರು:
ನೀನು ಏನೂ ನೋಡಲಿಲ್ಲ ಅಲ್ಲವೇ?
ಸರ್ಕಾರ ಬದಲಾಯಿತು, ಟೇಪ್ ರೆಕಾರ್ಡರಿನವರು ಬಂದರು:
ನೀನು ಗುಡಾರ ನೋಡಿದೆ ಅಲ್ಲವೇ?
ಇಬ್ಬರಿಗೂ ತಲೆಯಾಡಿಸಿದೆ.
ಅವ್ವ ಅನ್ನುತ್ತಿದ್ದಳು,
ಚಾಪೆ ಹಾಸಿ ಕೂರಿಸಿದವರಿಗೆ ಇಲ್ಲ ಅನ್ನಬಾರದು.

ಈಗ ಅಲ್ಲಿ ಮೂವತ್ತೈದು ಉಕ್ಕಿನ ಕೊಳವೆ ನೆಟ್ಟಿದ್ದಾರೆ,
ಮೈಯಲ್ಲಿ ಸೀಳು ಬಿಟ್ಟು.
ಗಾಳಿ ಹೊಕ್ಕರೆ ಕೂಗುತ್ತವೆ.
ಕಸ ಗುಡಿಸುವವಳು ನಾನು, ತಿಂಗಳ ಸಂಬಳಕ್ಕೆ.
ಅಕ್ಟೋಬರಿನಲ್ಲಿ ಕಾರುಗಳು ಬರುತ್ತವೆ, ಹೂಚಕ್ರ ಬರುತ್ತದೆ,
ಎರಡೂ ದೇಶದ ಮಂತ್ರಿಗಳು
ಸತ್ಯ ಹೊರಬರಲಿದೆ ಅನ್ನುತ್ತಾರೆ.
ಮರುದಿನ ನಾನು ನೀರಿನ ಬಾಟಲಿ ಆಯುತ್ತೇನೆ.

ಒಂದು ಮಾತು ಯಾರಿಗೂ ಹೇಳಿಲ್ಲ.
ಪೊಲೀಸರು ಬರುವ ಮೊದಲೇ ಅವ್ವ
ಕಳ್ಳಿಯ ಬುಡದಿಂದ ಒಂದು ತಗಡು ತಂದಿದ್ದಳು,
ಅಂಗೈ ಎರಡು ಸೇರಿಸಿದಷ್ಟು ಅಗಲ,
ಅಂಚಿಗೆ ಮೊಳೆಯ ತೂತು, ಓದಲಾಗದ ನಾಲ್ಕು ಅಕ್ಷರ.
ಗಂಜಿಯ ಮಡಕೆಗೆ ಅಳೆದು ಮಾಡಿಸಿದ ಹಾಗೆ ಕೂತಿತು.
ನಾವು ಆರು ಮಕ್ಕಳು ಅದರಡಿ ಬೆಂದದ್ದನ್ನು ಉಂಡು ಬೆಳೆದೆವು.

ಕೆಲವು ರಾತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತೇನೆ.
ಎರಡೂ ಮೈಗೆ ಮಸಿ.
ಯಾವುದು ನಮ್ಮ ಒಲೆಯದು,
ಯಾವುದು ಆ ರಾತ್ರಿಯದು?
ಬೂದಿ ಹಾಕಿ ಉಜ್ಜಿದರೆ ತಿಳಿದೀತು.
ಉಜ್ಜಿದರೆ ಹೋಗಿಯೂ ಬಿಟ್ಟೀತು.

ಕಳೆದ ವಾರ ಒಬ್ಬ ಹುಡುಗಿ ಬಂದಿದ್ದಳು,
ಮಾಪುಟೋದ ಕಾಲೇಜಿನವಳು, ಹೆಸರು ಎರ್ಮೆಲಿಂಡಾ.
ಫೋನು ಮುಂದಿಟ್ಟು, ನಮ್ಮ ಭಾಷೆಯನ್ನೇ ತೊದಲಿ ಕೇಳಿದಳು:
ಗೋಗೋ, ಆ ದಿನದ್ದು ಅಂತ ನಿಮ್ಮ ಹತ್ತಿರ ಏನಾದರೂ ಇದೆಯೇ?

ಒಲೆಯ ಮೇಲೆ ಮಡಕೆ ಕುದಿಯುತ್ತಿತ್ತು.
ಮೊದಲನೆಯ ಬಾರಿಗೆ ಇಲ್ಲ ಅಂದೆ.
ಅವಳು ಸುಮ್ಮನೆ ಕಿವಿಗೊಟ್ಟು ಕೂತಳು,
ಆಮೇಲೆ ಅಂದಳು, ಅದೇನು ಸದ್ದು?

ಗಂಜಿ, ಅಂದೆ.
ಉಂಡು ಹೋಗು.